ನಿಯಮದಂತೆ ತೊಳೆದರೂ ಉಳಿದ ಸೋಂಕು: ಡ್ಯುವೊಡೆನೋಸ್ಕೋಪ್ ಪ್ರಕರಣದ ಅಧ್ಯಯನ

2015ರ ಫೆಬ್ರವರಿಯಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ರೊನಾಲ್ಡ್ ರೇಗನ್ ವೈದ್ಯಕೀಯ ಕೇಂದ್ರವು 179 ರೋಗಿಗಳಿಗೆ ಎಚ್ಚರಿಕೆಯ ಸೂಚನೆ ಕಳುಹಿಸಿತು. ಹಿಂದಿನ ಅಕ್ಟೋಬರ್‌ನಿಂದ ಜನವರಿಯ ಕೊನೆಯವರೆಗೆ ಅಲ್ಲಿ ಪಿತ್ತನಾಳದ ಎಂಡೋಸ್ಕೋಪಿ ಮಾಡಿಸಿಕೊಂಡಿದ್ದ ಇವರಿಗೆಲ್ಲ ಸಿಆರ್‌ಇ ಎಂಬ ಬ್ಯಾಕ್ಟೀರಿಯಾ ತಗುಲಿರುವ ಸಾಧ್ಯತೆಯಿದೆ ಎಂಬುದು ಆ ಸೂಚನೆಯ ಸಾರ. ಉಳಿದ ಪ್ರತಿಜೈವಿಕಗಳು ಸೋತ ಮೇಲೆ ವೈದ್ಯರು ಕೈಗೆತ್ತಿಕೊಳ್ಳುವ ಕಾರ್ಬಪೆನೆಮ್ ವರ್ಗದ ಔಷಧಕ್ಕೂ ಬಗ್ಗದ ಕರುಳಿನ ಬ್ಯಾಕ್ಟೀರಿಯಾಗಳಿಗೆ ಒಟ್ಟಾಗಿ ಈ ಹೆಸರಿದೆ. ಅಷ್ಟರಲ್ಲಿ ಏಳು ಮಂದಿಗೆ ಸೋಂಕು ತಗುಲಿರುವುದು ಖಚಿತವಾಗಿತ್ತು. ಇಬ್ಬರ ಸಾವಿನಲ್ಲಿ ಸೋಂಕಿನ ಪಾಲಿತ್ತು ಎಂದು ಆಸ್ಪತ್ರೆಯೇ ಒಪ್ಪಿಕೊಂಡಿತು. ತನಿಖೆಯ ಜಾಡು ಹೋಗಿ ನಿಂತದ್ದು ಒಂದೇ ಮಾದರಿಯ ಎರಡು ಡ್ಯುವೊಡೆನೋಸ್ಕೋಪ್‌ಗಳ ಬಳಿ, ಅಂದರೆ ಈ ಎಂಡೋಸ್ಕೋಪಿಗೆ ಬಳಸುವ ಬಾಗುವ ಸ್ಕೋಪ್‌ಗಳ ಬಳಿ. ಅವನ್ನು ಪ್ರತಿ ರೋಗಿಯ ನಂತರವೂ ತಯಾರಕರ ಕೈಪಿಡಿಯಲ್ಲಿ ಹೇಳಿರುವಂತೆಯೇ ತೊಳೆಯಲಾಗಿತ್ತು ಎಂದು ಆಸ್ಪತ್ರೆ ಹೇಳಿತು.

ಆ ಹೇಳಿಕೆಯನ್ನು ಅನೇಕರು ಮೊದಲಿಗೆ ನಂಬಲಿಲ್ಲ. ಆಸ್ಪತ್ರೆಯಲ್ಲಿ ಸೋಂಕು ಹರಡಿದಾಗ ತೊಳೆಯುವ ಕೋಣೆಯತ್ತ ಬೊಟ್ಟು ಮಾಡುವುದು ಎಲ್ಲ ದೇಶಗಳಲ್ಲೂ ಇರುವ ರೂಢಿ. ಈ ಪ್ರಕರಣದಲ್ಲಿ ಆ ರೂಢಿಯ ಉತ್ತರ ಸಾಕಾಗಲಿಲ್ಲ. ಉಪಕರಣದ ತುದಿಯ ರಚನೆಯಲ್ಲೇ ದೋಷವಿರಬಹುದು ಎಂಬ ಸೂಚನೆ ಸುಮಾರು ಮೂರು ವರ್ಷಗಳ ಹಿಂದೆಯೇ, ಬೇರೊಂದು ಖಂಡದಲ್ಲಿ, ಲಿಖಿತ ರೂಪದಲ್ಲಿ ಸಿಕ್ಕಿತ್ತು. ಅದು ಲಾಸ್ ಏಂಜಲೀಸನ್ನು ಏಕೆ ತಲುಪಲಿಲ್ಲ ಎಂಬುದೇ ಈ ಅಧ್ಯಯನದ ಮುಖ್ಯ ಪ್ರಶ್ನೆ.

ಉಪಕರಣದ ತುದಿ

ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಅಥವಾ ಗಡ್ಡೆ ಒತ್ತಿ ಕಾಮಾಲೆಯಾದಾಗ ಹೊಟ್ಟೆ ಕೊಯ್ಯದೆ ಅದನ್ನು ಸರಿಪಡಿಸುವ ವಿಧಾನಕ್ಕೆ ಇಆರ್‌ಸಿಪಿ ಎನ್ನುತ್ತಾರೆ. 1968ರಲ್ಲಿ ಮೊದಲ ಬಾರಿಗೆ ವರದಿಯಾದ ಈ ವಿಧಾನ ಇಂದು ಅಮೆರಿಕವೊಂದರಲ್ಲೇ ವರ್ಷಕ್ಕೆ 5 ಲಕ್ಷಕ್ಕೂ ಹೆಚ್ಚು ಬಾರಿ ನಡೆಯುತ್ತದೆ. ಬೆಂಗಳೂರು, ಮಂಗಳೂರು, ಮಣಿಪಾಲ, ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗಳಲ್ಲೂ ಇದು ನಿತ್ಯದ ಕೆಲಸ. ಬಾಯಿಯ ಮೂಲಕ ಇಳಿಸಿದ ಸ್ಕೋಪ್ ಜಠರವನ್ನು ದಾಟಿ ಸಣ್ಣ ಕರುಳಿನ ಮೊದಲ ಭಾಗವನ್ನು ಸೇರುತ್ತದೆ. ಪಿತ್ತನಾಳದ ಬಾಯಿ ಇರುವುದು ಕರುಳಿನ ಪಕ್ಕದ ಗೋಡೆಯಲ್ಲಿ. ಹೀಗಾಗಿ ಮುಂದಕ್ಕೆ ನೋಡುವ ಮಾಮೂಲಿ ಎಂಡೋಸ್ಕೋಪ್‌ನಿಂದ ಇಲ್ಲಿ ಕೆಲಸವಾಗದು. ಡ್ಯುವೊಡೆನೋಸ್ಕೋಪ್‌ನ ಕ್ಯಾಮೆರಾ ಪಕ್ಕಕ್ಕೆ ನೋಡುತ್ತದೆ. ಸ್ಕೋಪ್‌ನ ಒಳಗಿನ ಕೊಳವೆಯಿಂದ ಇಳಿದು ಬರುವ ಗೈಡ್‌ವೈರ್ (ನಾಳದೊಳಗೆ ದಾರಿ ಮಾಡುವ ತೆಳು ತಂತಿ), ಬಾಸ್ಕೆಟ್, ಬಲೂನ್, ಸ್ಟೆಂಟ್ ಮೊದಲಾದ ಉಪಸಾಧನಗಳೂ ಹಾಗೆಯೇ ಪಕ್ಕಕ್ಕೆ ತಿರುಗಬೇಕು. ಅದಕ್ಕಾಗಿ ತುದಿಯಲ್ಲಿ ಒಂದು ಪುಟ್ಟ ಲೋಹದ ಸನ್ನೆ ಇರುತ್ತದೆ. ಇದಕ್ಕೆ ಎಲಿವೇಟರ್ ಎಂದು ಹೆಸರು. ವೈದ್ಯರು ಹಿಡಿಯಲ್ಲಿರುವ ಗುಂಡಿಯನ್ನು ತಿರುಗಿಸಿದಾಗ ಸ್ಕೋಪ್‌ನ ಉದ್ದಕ್ಕೂ ಹಾದುಹೋಗಿರುವ ತಂತಿಯು ಸನ್ನೆಯನ್ನು ಎತ್ತುತ್ತದೆ ಅಥವಾ ಇಳಿಸುತ್ತದೆ.

ಇಲ್ಲಿ ಅಳತೆಗಳನ್ನು ಗಮನಿಸಬೇಕು. ಪ್ರಕರಣದ ಕೇಂದ್ರದಲ್ಲಿದ್ದ ಒಲಿಂಪಸ್ ಕಂಪನಿಯ ಟಿಜೆಎಫ್-ಕ್ಯೂ180ವಿ ಮಾದರಿಯ ತುದಿಯ ವ್ಯಾಸ 13.7 ಮಿಲಿಮೀಟರ್, ಕೊಳವೆಯ ವ್ಯಾಸ 4.2 ಮಿಲಿಮೀಟರ್. ಕ್ಯಾಮೆರಾ, ದೀಪ, ನೀರು ಮತ್ತು ಗಾಳಿಯ ರಂಧ್ರ, ಸನ್ನೆ, ಅದರ ಕೀಲು, ತಂತಿ ಎಲ್ಲವೂ ಅಷ್ಟರಲ್ಲೇ ಅಡಕವಾಗಬೇಕು. ಸನ್ನೆಯ ಹಿಂಬದಿಯಲ್ಲಿ ಬ್ರಷ್‌ನ ಎಳೆಗಳು ಸುಲಭವಾಗಿ ತಲುಪದ ಸಂದುಗಳಿವೆ. ಕೆಲಸ ನಡೆಯುವಾಗ ಆ ಸಂದುಗಳಿಗೆ ಪಿತ್ತರಸ, ರಕ್ತ, ಕರುಳಿನ ದ್ರವ ನುಗ್ಗುತ್ತವೆ.

ಹಳೆಯ ಮಾದರಿಗಳಲ್ಲಿ ಎಲಿವೇಟರ್ ತಂತಿಯ ಕೊಳವೆ ತೆರೆದೇ ಇರುತ್ತಿತ್ತು. ಅತಿ ಸಪೂರವಾದ ಆ ಕೊಳವೆಗೆ ಸಣ್ಣ ಸಿರಿಂಜ್‌ನಿಂದ ಒತ್ತಡ ಹಾಕಿ ದ್ರಾವಣ ಹಾಯಿಸಬೇಕಿತ್ತು. ಅವಸರದಲ್ಲಿ ಇದೇ ಹಂತ ತಪ್ಪಿಹೋಗುತ್ತಿತ್ತು. 2010ರಲ್ಲಿ ಬಂದ ಹೊಸ ಮಾದರಿಯಲ್ಲಿ ತುದಿಯ ಬಳಿಯೇ ರಬ್ಬರಿನ ಓ-ರಿಂಗ್ ಕೂರಿಸಿ ತಂತಿಯ ದಾರಿಯನ್ನು ಮುಚ್ಚಲಾಯಿತು. ಕೊಳವೆಯೊಳಗೆ ದ್ರವವೇ ಹೋಗದಿದ್ದರೆ ಅದನ್ನು ತೊಳೆಯುವ ಅಗತ್ಯವೂ ಇಲ್ಲ ಎಂಬುದು ವಿನ್ಯಾಸಕರ ತರ್ಕ. ಸದುದ್ದೇಶದ ಬದಲಾವಣೆಯೇ ಸರಿ. ಆದರೆ ಓ-ರಿಂಗ್‌ನ ನಡುವೆ ತಂತಿಯು ದಿನವಿಡೀ ಹಿಂದೆ ಮುಂದೆ ಸರಿಯುತ್ತಿರುತ್ತದೆ. ಅದು ಸವೆದು ದ್ರವ ಒಳಗೆ ಜಿನುಗಿದರೆ ಅಲ್ಲಿಗೆ ಬ್ರಷ್ಷೂ ಇಲ್ಲ, ದ್ರಾವಣವೂ ಇಲ್ಲ. ತೆರೆದ ಕೊಳವೆಯನ್ನು ಸರಿಯಾಗಿ ತೊಳೆಯದಿದ್ದರೆ ಅದು ತೊಳೆದವರ ಲೋಪ. ಮುಚ್ಚಿದ ಕೊಳವೆಯೊಳಗೆ ಕೊಳೆ ಸೇರಿದರೆ ಎಷ್ಟೇ ಶ್ರದ್ಧೆಯ ಸಿಬ್ಬಂದಿಯೂ ಏನೂ ಮಾಡುವಂತಿಲ್ಲ.

ತೊಳೆಯುವ ಕ್ರಮ

ಶಸ್ತ್ರಚಿಕಿತ್ಸೆಯ ಕತ್ತರಿ, ಚಿಮಟಗಳನ್ನು ಆಟೋಕ್ಲೇವ್‌ನಲ್ಲಿಟ್ಟು ಹಬೆಯಲ್ಲಿ ಬೇಯಿಸಿದರೆ ಸೂಕ್ಷ್ಮಜೀವಿಗಳ ಬೀಜಕಣಗಳೂ ಸಾಯುತ್ತವೆ. ಬಾಗುವ ಸ್ಕೋಪ್‌ಗಳ ಪ್ಲಾಸ್ಟಿಕ್ ಹೊದಿಕೆ, ಅಂಟು, ಮಸೂರ, ಎಲೆಕ್ಟ್ರಾನಿಕ್ ಭಾಗಗಳು ಆ ಶಾಖವನ್ನು ತಾಳುವುದಿಲ್ಲ. ಆದ್ದರಿಂದ ಅವುಗಳಿಗೆ ಉನ್ನತ ಮಟ್ಟದ ಸೋಂಕುನಿವಾರಣೆಯೇ ಗತಿ. ಹಾಸಿಗೆಯ ಬಳಿಯಲ್ಲೇ ಮೊದಲ ಒರೆಸುವಿಕೆ, ಸೋರಿಕೆ ಪರೀಕ್ಷೆ, ಕಿಣ್ವಯುಕ್ತ ದ್ರಾವಣದಲ್ಲಿ ಕೈಯಿಂದ ಬ್ರಷ್ ಹಾಕುವುದು, ಜಾಲಿಸುವುದು, ನಂತರ ಗ್ಲುಟರಾಲ್ಡಿಹೈಡ್, ಓಪಿಎ ಅಥವಾ ಪೆರಾಸಿಟಿಕ್ ಆಮ್ಲದಂಥ ಸೋಂಕುನಾಶಕದಲ್ಲಿ ನಿಗದಿತ ಹೊತ್ತು ಮುಳುಗಿಸುವುದು ಅಥವಾ ಯಂತ್ರದಲ್ಲಿ ಹಾಯಿಸುವುದು, ಮತ್ತೆ ಜಾಲಿಸುವುದು, ಆಲ್ಕೋಹಾಲ್ ಹಾಯಿಸಿ ಗಾಳಿಯಿಂದ ಒಣಗಿಸುವುದು, ಕಪಾಟಿನಲ್ಲಿ ತೂಗುಹಾಕುವುದು ಈ ಕ್ರಮದ ಸ್ಥೂಲ ರೂಪ. ಕೈಪಿಡಿಯಲ್ಲಿ ಇದು ನೂರಕ್ಕೂ ಹೆಚ್ಚು ಸಣ್ಣ ಹಂತಗಳಾಗಿ ಹರಡಿಕೊಂಡಿರುತ್ತದೆ. ಸ್ಕೋಪ್ ಒದ್ದೆಯಾಗಿಯೇ ಉಳಿದರೆ ಅಥವಾ ಸಂದುಗಳಲ್ಲಿ ಜಿಡ್ಡು ಉಳಿದರೆ ಬ್ಯಾಕ್ಟೀರಿಯಾಗಳು ಬಯೋಫಿಲ್ಮ್ ಎಂಬ ಲೋಳೆಯ ಪದರ ಕಟ್ಟಿಕೊಳ್ಳುತ್ತವೆ. ಆ ಪದರದೊಳಗೆ ರಾಸಾಯನಿಕ ಇಳಿಯುವುದು ಕಷ್ಟ.

ಸೋಂಕುನಿವಾರಣೆಯ ಮಟ್ಟವನ್ನು ನಿರ್ಧರಿಸುವ ವಿಂಗಡಣೆ ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ಅರ್ಲ್ ಸ್ಪಾಲ್ಡಿಂಗ್ ಅವರದು. ಚರ್ಮ ಸೀಳಿ ಸೋಂಕುರಹಿತ ಅಂಗಾಂಶಕ್ಕೆ ಹೋಗುವ ಉಪಕರಣಕ್ಕೆ ಪೂರ್ಣ ಕ್ರಿಮಿಶುದ್ಧೀಕರಣ ಬೇಕು, ಲೋಳ್ಪೊರೆಯನ್ನು ಮಾತ್ರ ಮುಟ್ಟುವ ಉಪಕರಣಕ್ಕೆ ಉನ್ನತ ಮಟ್ಟದ ಸೋಂಕುನಿವಾರಣೆ ಸಾಕು ಎಂಬುದು ಅದರ ತಿರುಳು. ಡ್ಯುವೊಡೆನೋಸ್ಕೋಪ್ ಎರಡನೆಯ ಗುಂಪಿಗೆ ಸೇರಿತು, ಏಕೆಂದರೆ ಅದು ಹೋಗುವುದು ಕರುಳಿಗೆ, ಮತ್ತು ಕರುಳು ಹೇಗೂ ಬ್ಯಾಕ್ಟೀರಿಯಾಗಳ ತವರು. ಆದರೆ ಅದರ ಕೊಳವೆಯಿಂದ ಹೊರಟು, ಎಲಿವೇಟರ್‌ಗೆ ಒರಸಿಕೊಂಡು ಸಾಗುವ ಗೈಡ್‌ವೈರ್ ಪಿತ್ತನಾಳದೊಳಗೆ ಹೋಗುತ್ತದೆ. ಆರೋಗ್ಯವಂತರ ಪಿತ್ತನಾಳ ಬಹುಮಟ್ಟಿಗೆ ಸೋಂಕುರಹಿತ; ಕಲ್ಲಿನಿಂದ ಅಥವಾ ಗಡ್ಡೆಯಿಂದ ಕಟ್ಟಿಕೊಂಡ ನಾಳದಲ್ಲಿ ಪಿತ್ತರಸ ನಿಂತ ನೀರಾಗಿರುತ್ತದೆ. ಅಂಥ ಕಡೆ ನೆಟ್ಟ ಬ್ಯಾಕ್ಟೀರಿಯಾ ಬೇಗ ಹೆಚ್ಚಿ ರಕ್ತಕ್ಕೆ ಸೇರಬಲ್ಲದು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಬೇರು ಇಲ್ಲಿದೆ: ಪೊಟ್ಟಣ ಒಡೆದು ತೆಗೆದ ಶುದ್ಧ ತಂತಿಯನ್ನು ಅಷ್ಟು ಶುದ್ಧವಲ್ಲದ ಸನ್ನೆಯ ಮೇಲಿನಿಂದ ಹಾಯಿಸಿ ಶುದ್ಧ ನಾಳಕ್ಕೆ ಕಳುಹಿಸುವ ಕೆಲಸವನ್ನು ದಶಕಗಳ ಕಾಲ ಯಾರೂ ವಿಚಿತ್ರವೆಂದು ಭಾವಿಸಲಿಲ್ಲ.

ರಾಟರ್‌ಡ್ಯಾಮ್, 2012

ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ನಗರದ ಎರಾಸ್ಮಸ್ ವೈದ್ಯಕೀಯ ಕೇಂದ್ರದಲ್ಲಿ 2012ರ ಮೊದಲ ತಿಂಗಳುಗಳಲ್ಲಿ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾದ ಒಂದು ಔಷಧನಿರೋಧಕ ತಳಿ ಅಸಹಜವಾಗಿ ಹೆಚ್ಚು ರೋಗಿಗಳಲ್ಲಿ ಕಾಣಿಸಿಕೊಂಡಿತು. ಒಟ್ಟು 30 ರೋಗಿಗಳಲ್ಲಿ ಅದು ಪತ್ತೆಯಾಯಿತು. ಅವರಲ್ಲಿ 22 ಮಂದಿಗೆ ಹೊಸ ಟಿಜೆಎಫ್-ಕ್ಯೂ180ವಿ ಸ್ಕೋಪ್‌ನಿಂದ ಇಆರ್‌ಸಿಪಿ ನಡೆದಿತ್ತು. ಸ್ಕೋಪ್‌ನ ತುದಿಯಲ್ಲೂ ಅದೇ ತಳಿ ಸಿಕ್ಕಿತು. ಸ್ಕೋಪ್ ಅನ್ನು ಬಳಕೆಯಿಂದ ತೆಗೆದ ಮೇಲೆ ಹೊಸ ರೋಗಿಗಳ ಸಂಖ್ಯೆ ಇಳಿಯಿತು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು, ಅನೇಕ ಆಸ್ಪತ್ರೆಗಳು ನಿಲ್ಲಿಸುತ್ತವೆ ಕೂಡ. ಎರಾಸ್ಮಸ್ ನಿಲ್ಲಿಸಲಿಲ್ಲ. ಆಸ್ಪತ್ರೆ ಮತ್ತು ಕಂಪನಿ ಸೇರಿ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಸ್ವತಂತ್ರ ತಜ್ಞರೊಬ್ಬರಿಂದ ಸ್ಕೋಪ್ ಬಿಚ್ಚಿಸಿ ನೋಡಿದವು. ತುದಿಯ ಭಾಗದಲ್ಲಿ ಕಂದು ಬಣ್ಣದ ಕಲೆ ಕಂಡಿತು. ಓ-ರಿಂಗ್ ಪೂರ್ತಿ ಮುಚ್ಚಿಕೊಂಡಿರಲಿಲ್ಲ. ತುದಿಯ ರಚನೆಯಲ್ಲಿ ಬ್ರಷ್‌ಗೆ ಸಿಗದ ಮೂಲೆಗಳಿದ್ದವು. ವಿನ್ಯಾಸವೇ ಬ್ಯಾಕ್ಟೀರಿಯಾ ಉಳಿಯಲು ಅವಕಾಶ ಕೊಡುವಂತಿದೆ, ಇದೇ ಮಾದರಿಯ ಬೇರೆ ಸ್ಕೋಪ್‌ಗಳನ್ನೂ ಪರಿಶೀಲಿಸಬೇಕು ಎಂಬ ಅರ್ಥದ ಅಭಿಪ್ರಾಯ 2012ರ ಮಧ್ಯದ ಹೊತ್ತಿಗೆ ಕಂಪನಿಯ ಕೈ ಸೇರಿತ್ತು.

ಸುದ್ದಿ ನಿಂತ ಜಾಗ

2013ರ ಜನವರಿಯಲ್ಲಿ ಒಲಿಂಪಸ್ ಯುರೋಪಿನ ಗ್ರಾಹಕರಿಗೆ ಎಚ್ಚರಿಕೆಯ ಪತ್ರ ಕಳುಹಿಸಿತು. ಅಮೆರಿಕದ ಆಸ್ಪತ್ರೆಗಳಿಗೆ ಅಂಥ ಪತ್ರ ಹೋಗಲಿಲ್ಲ. ಜೀರ್ಣಾಂಗ ಎಂಡೋಸ್ಕೋಪ್‌ಗಳ ಅಮೆರಿಕದ ಮಾರುಕಟ್ಟೆಯಲ್ಲಿ ಸುಮಾರು ಶೇ. 85ರಷ್ಟು ಪಾಲು ಆಗ ಇದೇ ಕಂಪನಿಯದಾಗಿತ್ತು. ಅಲ್ಲಿನ ಗ್ರಾಹಕರಿಗೂ ಸುದ್ದಿ ತಿಳಿಸಬೇಕೇ ಎಂದು ಅಮೆರಿಕದ ಕಚೇರಿಯವರು ಕೇಳಿದ್ದರು, ಬಳಕೆದಾರರೆಲ್ಲರಿಗೂ ತಾವಾಗಿ ತಿಳಿಸುವ ಅಗತ್ಯವಿಲ್ಲ ಎಂಬರ್ಥದ ಉತ್ತರ ಜಪಾನಿನ ಕೇಂದ್ರ ಕಚೇರಿಯಿಂದ ಬಂದಿತ್ತು ಎಂಬುದು ಮುಂದೆ ನ್ಯಾಯಾಲಯದ ದಾಖಲೆಗಳಿಂದ ಹೊರಬಂತು.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಈ ಸ್ಕೋಪ್‌ಗೆ ಮಾರಾಟಪೂರ್ವ ಅನುಮೋದನೆಯನ್ನೇ ಕೊಟ್ಟಿರಲಿಲ್ಲ ಎಂಬುದು ಇನ್ನೊಂದು ಸಂಗತಿ. ಹಳೆಯ ಮಾದರಿಗೆ ಅನುಮೋದನೆಯಿದೆ, ಮಾಡಿದ ಬದಲಾವಣೆ ಸಣ್ಣದು, ಹೊಸ ಅರ್ಜಿ ಬೇಕಿಲ್ಲ ಎಂದು ಕಂಪನಿ ತಾನೇ ತೀರ್ಮಾನಿಸಿ 2010ರಿಂದ ಮಾರುತ್ತಿತ್ತು. ಅನುಮೋದನೆ ದೊರೆತದ್ದು 2016ರ ಜನವರಿಯಲ್ಲಿ, ಅದೂ ಎಲಿವೇಟರ್ ಭಾಗವನ್ನು ಬದಲಿಸಿಕೊಡುವ ಒಪ್ಪಂದದೊಂದಿಗೆ. ತಂತಿಯ ದಾರಿಯನ್ನು ಮುಚ್ಚುವುದು ಸಣ್ಣ ಬದಲಾವಣೆ ಎಂಬ ಆ ಒಂದು ತೀರ್ಮಾನದಿಂದ ಹೊರಗಿನವರೊಬ್ಬರು ವಿನ್ಯಾಸವನ್ನು ಪ್ರಶ್ನಿಸಬಹುದಾಗಿದ್ದ ಅವಕಾಶ ಕೈತಪ್ಪಿತು.

ಈ ನಡುವೆ ಅಮೆರಿಕದಲ್ಲೂ ಪ್ರಕರಣಗಳು ಕಾಣಿಸುತ್ತಲೇ ಇದ್ದವು. ಇಲಿನಾಯ್ ರಾಜ್ಯದ ಪಾರ್ಕ್ ರಿಜ್‌ನ ಅಡ್ವೊಕೇಟ್ ಲೂಥರನ್ ಜನರಲ್ ಆಸ್ಪತ್ರೆಯಲ್ಲಿ 2013ರಲ್ಲಿ 39 ರೋಗಿಗಳಲ್ಲಿ, ಕಾರ್ಬಪೆನೆಮ್ ಔಷಧವನ್ನು ಒಡೆಯುವ ಎನ್‌ಡಿಎಂ ಕಿಣ್ವ ಉಳ್ಳ ಇ. ಕೋಲೈ ಎಂಬ ಕರುಳಿನ ಬ್ಯಾಕ್ಟೀರಿಯಾ ಪತ್ತೆಯಾಯಿತು. ನವದೆಹಲಿಯ ಹೆಸರನ್ನು ಹೊತ್ತ ಈ ಕಿಣ್ವದ ಬಗ್ಗೆ ನಮ್ಮಲ್ಲಿ ನಡೆದ ಚರ್ಚೆ ಹೆಚ್ಚಾಗಿ ದೇಶದ ಹೆಸರು ಕೆಟ್ಟಿತೆಂಬುದರ ಸುತ್ತಲೇ ಸುತ್ತಿತು, ಅದಿರಲಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ತನಿಖಾಧಿಕಾರಿಗಳು ಅಲ್ಲಿ ತೊಳೆಯುವ ಕ್ರಮವನ್ನು ಸಾಲುಸಾಲಾಗಿ ಪರಿಶೀಲಿಸಿದರು. ಯಾವ ಲೋಪವೂ ಕಾಣಲಿಲ್ಲ. ಆಸ್ಪತ್ರೆಯು ಇಟಿಒ (ಎಥಿಲೀನ್ ಆಕ್ಸೈಡ್) ಅನಿಲದ ಕ್ರಿಮಿಶುದ್ಧೀಕರಣಕ್ಕೆ ಬದಲಾದ ಮೇಲೆ ಹೊಸ ಪ್ರಕರಣ ನಿಂತವು. ಅಲ್ಲಿದ್ದದ್ದು ಬೇರೊಂದು ಕಂಪನಿಯ ಸ್ಕೋಪ್. ಆದ್ದರಿಂದ ಇದನ್ನು ಒಂದೇ ಕಂಪನಿಯ ಓ-ರಿಂಗ್‌ನ ಕಥೆಯೆಂದು ಬಗೆದರೆ ಅರ್ಧ ವಿಷಯ ಮಾತ್ರ ಸಿಗುತ್ತದೆ. ಎಲಿವೇಟರ್ ಇರುವ ತುದಿಯ ತೊಡಕು ಎಲ್ಲ ತಯಾರಕರಿಗೂ ಸಮಾನವಾಗಿತ್ತು.

ಸಿಯಾಟಲ್‌ನ ವರ್ಜೀನಿಯಾ ಮೇಸನ್ ವೈದ್ಯಕೀಯ ಕೇಂದ್ರದಲ್ಲಿ 2012ರಿಂದ 2014ರವರೆಗೆ ಹಬ್ಬಿದ್ದ ಸೋಂಕು 2015ರ ಜನವರಿಯಲ್ಲಿ ಪತ್ರಿಕೆಗಳಿಂದ ಹೊರಬಿತ್ತು. ಅಲ್ಲಿ ಆಸ್ಪತ್ರೆಯೇ ಒಂದು ದಾರಿ ಹುಡುಕಿಕೊಂಡಿತ್ತು: ಪ್ರತಿ ಸ್ಕೋಪ್ ಅನ್ನು ತೊಳೆದ ನಂತರ ತುದಿಯಿಂದ ಮಾದರಿ ತೆಗೆದು ಕಲ್ಚರ್‌ಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆಗೆ, ಕಳುಹಿಸುವುದು, ಫಲಿತಾಂಶ ಬರುವವರೆಗೆ ಸ್ಕೋಪ್ ಅನ್ನು ಬಳಸದೆ ಬದಿಗಿಡುವುದು. ಇದಕ್ಕಾಗಿ ಹೆಚ್ಚುವರಿ ಸ್ಕೋಪ್‌ಗಳನ್ನು ಕೊಳ್ಳಬೇಕಾಯಿತು. ಎಲ್ಲ ಆಸ್ಪತ್ರೆಗಳಿಗೂ ನಿಲುಕುವ ಉಪಾಯವಲ್ಲ.

2016ರ ಜನವರಿಯಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಅಲ್ಪಸಂಖ್ಯಾತ ಪಕ್ಷದ ಸಿಬ್ಬಂದಿ ಹೊರತಂದ ವರದಿ, 2012ರಿಂದ 2015ರ ವಸಂತದವರೆಗೆ ಜಗತ್ತಿನಾದ್ಯಂತ ಇಂಥ 25 ಘಟನೆಗಳಲ್ಲಿ ಕನಿಷ್ಠ 250 ರೋಗಿಗಳು ಸೋಂಕಿಗೆ ಒಳಗಾಗಿದ್ದರೆಂದು ಲೆಕ್ಕ ಕೊಟ್ಟಿತು. ಕಂಪನಿಗಳಷ್ಟೇ ಅಲ್ಲ, ಆಸ್ಪತ್ರೆಗಳು ಮತ್ತು ಎಫ್‌ಡಿಎ ಕೂಡ ವರದಿ ಮಾಡುವಲ್ಲಿ ಹಾಗೂ ಸುದ್ದಿಯನ್ನು ಜೋಡಿಸಿ ನೋಡುವಲ್ಲಿ ಸೋತಿದ್ದವು.

ಆನಂತರದ ಕ್ರಮಗಳು

ಯುಸಿಎಲ್‌ಎ ಪ್ರಕಟಣೆಯ ಬೆನ್ನಿಗೇ, 2015ರ ಫೆಬ್ರವರಿ 19ರಂದು, ಎಫ್‌ಡಿಎ ಎಚ್ಚರಿಕೆ ನೀಡಿತು. ಸ್ಕೋಪ್ ಅನ್ನು ಮಾರುಕಟ್ಟೆಯಿಂದ ತೆಗೆಸಲಿಲ್ಲ. ತೆಗೆಸಿದ್ದರೆ ಅಷ್ಟೊಂದು ರೋಗಿಗಳಿಗೆ ಪರ್ಯಾಯವೆಂದರೆ ಹೊಟ್ಟೆ ಕೊಯ್ಯುವ ಶಸ್ತ್ರಚಿಕಿತ್ಸೆ, ಅದರ ಅಪಾಯ ಇದಕ್ಕಿಂತ ಹೆಚ್ಚು. ಈ ವಾದದಲ್ಲಿ ಹುರುಳಿದೆ ಎಂದೇ ನನಗೂ ಅನ್ನಿಸುತ್ತದೆ. ಮಾರ್ಚ್ ತಿಂಗಳಲ್ಲಿ ಒಲಿಂಪಸ್ ಹೊಸ ತೊಳೆಯುವ ಸೂಚನೆ ಕೊಟ್ಟಿತು: ಇನ್ನೂ ಸಣ್ಣ ಎಳೆಗಳ ಬ್ರಷ್, ಸನ್ನೆಯನ್ನು ಎತ್ತಿ ಇಳಿಸುತ್ತ ಹೆಚ್ಚು ಬಾರಿ ದ್ರಾವಣ ಹಾಯಿಸುವುದು. 2015ರ ಅಕ್ಟೋಬರ್‌ನಲ್ಲಿ ಎಫ್‌ಡಿಎಯು ಒಲಿಂಪಸ್, ಪೆಂಟಾಕ್ಸ್, ಫ್ಯೂಜಿಫಿಲ್ಮ್ ಮೂರಕ್ಕೂ ನಿಜವಾದ ಆಸ್ಪತ್ರೆಗಳಲ್ಲಿ ತೊಳೆದ ಸ್ಕೋಪ್‌ಗಳಿಂದ ಮಾದರಿ ಸಂಗ್ರಹಿಸಿ ಪರೀಕ್ಷಿಸುವಂತೆ ಆದೇಶಿಸಿತು. ಕೆಲಸ ಕುಂಟಿದ್ದರಿಂದ 2018ರ ಮಾರ್ಚ್‌ನಲ್ಲಿ ಮೂರಕ್ಕೂ ಎಚ್ಚರಿಕೆಯ ಪತ್ರ ಬರೆಯಬೇಕಾಯಿತು.

ಆ ಪರೀಕ್ಷೆಗಳ ಮಧ್ಯಂತರ ಫಲಿತಾಂಶ 2019ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ಸರಿಯಾಗಿ ಸಂಗ್ರಹಿಸಿದ ಮಾದರಿಗಳಲ್ಲಿ ಗರಿಷ್ಠ ಶೇ. 5.4ರಲ್ಲಿ ಇ. ಕೋಲೈ, ಸ್ಯೂಡೊಮೊನಾಸ್ ಮೊದಲಾದ ಹೆಚ್ಚು ಆತಂಕದ ಸೂಕ್ಷ್ಮಜೀವಿಗಳು ಸಿಕ್ಕವು. ಅಧ್ಯಯನ ಶುರುವಾದಾಗ ನಿರೀಕ್ಷೆ ಇದ್ದದ್ದು ಶೇ. 0.4ಕ್ಕಿಂತ ಕಡಿಮೆ. ಇದು ಸುದ್ದಿಯಾದ ಮೇಲೆ, ಎಲ್ಲರೂ ಎಚ್ಚೆತ್ತುಕೊಂಡ ಮೇಲೆ, ಹೊಸ ಬ್ರಷ್ ಕೈಗೆ ಬಂದ ಮೇಲೆ ಸಿಕ್ಕ ಅಂಕಿ ಎಂಬುದನ್ನು ಮರೆಯಬಾರದು. ಜೊತೆಗೆ ನಡೆದ ಇನ್ನೊಂದು ಅಧ್ಯಯನದಲ್ಲಿ ಕೈಪಿಡಿಯ ಸೂಚನೆಗಳನ್ನು ಓದಿ ಅರ್ಥಮಾಡಿಕೊಂಡು ಪಾಲಿಸುವುದೇ ಸಿಬ್ಬಂದಿಗೆ ಕಷ್ಟವಾಗುತ್ತಿದೆ ಎಂದು ಕಂಡುಬಂತು.

ನ್ಯಾಯಾಲಯಗಳ ತೀರ್ಪು ಒಂದೇ ದಿಕ್ಕಿನಲ್ಲಿರಲಿಲ್ಲ. 2017ರಲ್ಲಿ, ಸಿಯಾಟಲ್‌ನ ವರ್ಜೀನಿಯಾ ಮೇಸನ್‌ನ ಮೃತ ರೋಗಿಯೊಬ್ಬರ ಕುಟುಂಬದ ಮೊಕದ್ದಮೆಯಲ್ಲಿ ತೀರ್ಪುಗಾರರು ಸ್ಕೋಪ್‌ನ ವಿನ್ಯಾಸವೇ ಅಸುರಕ್ಷಿತ ಎಂಬ ವಾದವನ್ನು ಒಪ್ಪಲಿಲ್ಲ. ಮಾರಾಟದ ನಂತರ ಸಾಕಷ್ಟು ಎಚ್ಚರಿಕೆ ಕೊಡಲಿಲ್ಲ ಎಂಬ ಕಾರಣಕ್ಕೆ ಕಂಪನಿಯು ಆಸ್ಪತ್ರೆಗೆ 66 ಲಕ್ಷ ಡಾಲರ್ ಕೊಡಬೇಕೆಂದರು; ಆಸ್ಪತ್ರೆಯೂ ಮೃತರ ಕುಟುಂಬಕ್ಕೆ 10 ಲಕ್ಷ ಡಾಲರ್ ಕೊಡಬೇಕೆಂದರು. 2018ರ ಡಿಸೆಂಬರ್‌ನಲ್ಲಿ ನ್ಯೂಜೆರ್ಸಿಯ ಫೆಡರಲ್ ನ್ಯಾಯಾಲಯದಲ್ಲಿ ಒಲಿಂಪಸ್‌ನ ಜಪಾನಿನ ವೈದ್ಯಕೀಯ ಅಂಗಸಂಸ್ಥೆ ಮತ್ತು ಅದರ ಮಾಜಿ ಹಿರಿಯ ಅಧಿಕಾರಿಯೊಬ್ಬರು ತಪ್ಪೊಪ್ಪಿಕೊಂಡರು. ಆರೋಪ ಕೊಳಕು ಸ್ಕೋಪ್ ಮಾರಿದ್ದರದ್ದಲ್ಲ. 2012 ಮತ್ತು 2013ರಲ್ಲಿ ಯುರೋಪಿನ ಸೋಂಕುಗಳ ಬಗ್ಗೆ ಎಫ್‌ಡಿಎಗೆ ಸಲ್ಲಿಸಬೇಕಿದ್ದ ವರದಿಗಳನ್ನು ಸಲ್ಲಿಸದೆ ಸ್ಕೋಪ್ ಮಾರುತ್ತ ಹೋದದ್ದರದ್ದು. ದಂಡ ಮತ್ತು ಮುಟ್ಟುಗೋಲು ಸೇರಿ 8.5 ಕೋಟಿ ಡಾಲರ್. ಉಪಕರಣದ ದೋಷವನ್ನು ಕಾನೂನಿನಲ್ಲಿ ಸಾಬೀತುಪಡಿಸುವುದಕ್ಕಿಂತ ಸುದ್ದಿ ಮುಚ್ಚಿಟ್ಟದ್ದನ್ನು ಸಾಬೀತುಪಡಿಸುವುದು ಸುಲಭವಾಯಿತು. ಇಡೀ ಘಟನಾವಳಿಯನ್ನು ಓದಿದರೆ ಹೆಚ್ಚು ಹಾನಿ ಮಾಡಿದ್ದೂ ಅದೇ ಎನಿಸುತ್ತದೆ: ದೋಷವಿಲ್ಲದ ವಿನ್ಯಾಸ ಯಾರಿಗೂ ಒಲಿದದ್ದಲ್ಲ, ಆದರೆ ರಾಟರ್‌ಡ್ಯಾಮ್‌ನಲ್ಲಿ ಸಿಕ್ಕ ತಿಳಿವನ್ನು ದಾಟಿಸಲು ಒಂದು ಪತ್ರ ಸಾಕಾಗಿತ್ತು.

ವಿನ್ಯಾಸದ ಮಟ್ಟದಲ್ಲಿ ಪರಿಹಾರವು ತೊಳೆಯಲಾಗದ ಭಾಗವನ್ನು ಬಿಸಾಡುವ ಕಡೆಗೆ ತಿರುಗಿತು. ತುದಿಯ ಟೋಪಿ ಅಥವಾ ಎಲಿವೇಟರ್ ಸಮೇತ ಟೋಪಿಯನ್ನು ಪ್ರತಿ ರೋಗಿಗೂ ಬದಲಿಸುವ ಮಾದರಿಗಳು ಬಂದವು. 2019ರ ಡಿಸೆಂಬರ್‌ನಲ್ಲಿ, ಪೂರ್ತಿಯಾಗಿ ಒಂದೇ ಬಾರಿ ಬಳಸಿ ಎಸೆಯುವ ಮೊದಲ ಡ್ಯುವೊಡೆನೋಸ್ಕೋಪ್‌ಗೆ, ಬಾಸ್ಟನ್ ಸೈಂಟಿಫಿಕ್‌ನ ಎಕ್ಸಾಲ್ಟ್ ಮಾದರಿಗೆ, ಎಫ್‌ಡಿಎ ಅನುಮತಿ ಕೊಟ್ಟಿತು. ಒಂದೊಂದಕ್ಕೆ ಸಾವಿರಾರು ಡಾಲರ್ ಬೆಲೆಯ ಈ ಸ್ಕೋಪ್ ನಮ್ಮ ಊರುಗಳ ಇಆರ್‌ಸಿಪಿ ಕೋಣೆಗೆ ಸದ್ಯಕ್ಕೆ ದೂರವೇ. ಬಿಸಾಡುವ ಟೋಪಿಯ ಮಾದರಿ ಹೆಚ್ಚು ಕೈಗೆಟುಕುವಂಥದು, ಹೊಸ ಸ್ಕೋಪ್ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆಯೂ ಅದೇ.

ನಮ್ಮಲ್ಲಿ

ರಾಟರ್‌ಡ್ಯಾಮ್, ಪಾರ್ಕ್ ರಿಜ್, ಲಾಸ್ ಏಂಜಲೀಸ್‌ಗಳಲ್ಲಿ ಸೋಂಕಿನ ಗುಂಪು ಪತ್ತೆಯಾಗಲು ಒಂದು ಕಾರಣ ಅಲ್ಲಿ ಅಂಥ ಬ್ಯಾಕ್ಟೀರಿಯಾಗಳು ವಿರಳವಾಗಿದ್ದದ್ದು. ಭಾರತದ ದೊಡ್ಡ ಆಸ್ಪತ್ರೆಗಳಲ್ಲಿ ಕಾರ್ಬಪೆನೆಮ್‌ಗೆ ಬಗ್ಗದ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಐಸಿಯುಗಳ ನಿತ್ಯದ ಅತಿಥಿ. ಇಆರ್‌ಸಿಪಿ ಆದ ವಾರದಲ್ಲಿ ರೋಗಿಗೆ ಜ್ವರ ಬಂದು ರಕ್ತದಲ್ಲಿ ಅಂಥ ಬ್ಯಾಕ್ಟೀರಿಯಾ ಸಿಕ್ಕರೆ, ಕಟ್ಟಿಕೊಂಡ ನಾಳದ ಸೋಂಕು ಎಂದೋ ಐಸಿಯುನಿಂದ ಬಂದದ್ದೆಂದೋ ಬರೆದು ಮುಂದೆ ಸಾಗುವುದು ಸಹಜ. ಮೂವರು ರೋಗಿಗಳ ನಡುವಿನ ಸಮಾನ ಅಂಶ ಒಂದೇ ಸ್ಕೋಪ್ ಎಂದು ಯಾರಿಗಾದರೂ ಹೊಳೆಯಬೇಕಾದರೆ ಆ ಮಾಹಿತಿ ಎಲ್ಲೋ ಬರೆದಿರಬೇಕು.

ಉಪಕರಣಗಳಿಂದಾದ ತೊಂದರೆಯನ್ನು ತಿಳಿಸಲು ಭಾರತದಲ್ಲಿ 2015ರ ಜುಲೈನಿಂದ ಮೆಟೀರಿಯೊವಿಜಿಲೆನ್ಸ್ ಕಾರ್ಯಕ್ರಮವಿದೆ. ಗಾಜಿಯಾಬಾದ್‌ನ ಭಾರತೀಯ ಫಾರ್ಮಕೋಪಿಯಾ ಆಯೋಗ ಅದನ್ನು ನಡೆಸುತ್ತದೆ. ವೈದ್ಯರು ಮಾತ್ರವಲ್ಲ, ನರ್ಸ್‌ಗಳು, ಬಯೋಮೆಡಿಕಲ್ ಎಂಜಿನಿಯರ್‌ಗಳು, ತಂತ್ರಜ್ಞರು ಕೂಡ ಅಲ್ಲಿಗೆ ವರದಿ ಕಳುಹಿಸಬಹುದು. ಸ್ಕೋಪ್‌ನ ತುದಿಯ ಸವೆತ, ಎಲಿವೇಟರ್‌ನ ಬಿಗಿತ, ಸೋರಿಕೆ ಪರೀಕ್ಷೆಯ ವೈಫಲ್ಯ ಮೊದಲು ಕಣ್ಣಿಗೆ ಬೀಳುವುದು ತೊಳೆಯುವ ಕೋಣೆಯಲ್ಲಿರುವವರಿಗೆ. ತಮ್ಮ ಮೇಲೇ ತಪ್ಪು ಬರುತ್ತದೆಂಬ ಭಯ ಇರುವವರೆಗೆ ಅವರು ಬಾಯಿ ಬಿಡುವುದು ಕಷ್ಟ.

ಎರಾಸ್ಮಸ್‌ನಲ್ಲೂ ಯುಸಿಎಲ್‌ಎಯಲ್ಲೂ ಯಾವ ರೋಗಿಗೆ ಯಾವ ಸ್ಕೋಪ್ ಬಳಸಲಾಯಿತು ಎಂಬ ದಾಖಲೆ ಇದ್ದುದರಿಂದಲೇ 22 ಮಂದಿಯ ಹಾಗೂ 179 ಮಂದಿಯ ಪಟ್ಟಿ ಸಿದ್ಧವಾಯಿತು. ಖರ್ಚಿಲ್ಲದ ಈ ಒಂದು ಕ್ರಮವನ್ನು ಯಾವ ಎಂಡೋಸ್ಕೋಪಿ ವಿಭಾಗವಾದರೂ ನಾಳೆಯಿಂದಲೇ ಆರಂಭಿಸಬಹುದು: ಇಆರ್‌ಸಿಪಿ ವರದಿಯ ಹಾಳೆಯಲ್ಲಿ ರೋಗಿಯ ಹೆಸರಿನ ಪಕ್ಕದಲ್ಲಿ ಸ್ಕೋಪ್‌ನ ಕ್ರಮಸಂಖ್ಯೆ, ಅದನ್ನು ಕೊನೆಯ ಬಾರಿ ತೊಳೆದ ದಿನ ಮತ್ತು ಹೊತ್ತು, ತೊಳೆದವರ ಸಹಿ, ಮತ್ತು ಅದಕ್ಕೂ ಮೊದಲು ಆ ಸ್ಕೋಪ್ ಯಾವ ರೋಗಿಗೆ ಬಳಕೆಯಾಗಿತ್ತು ಎಂಬ ಆಸ್ಪತ್ರೆ ಸಂಖ್ಯೆ.